ಅಂಗಡಿಯಲ್ಲಿ ಜಾರಿ ಬಿದ್ದರೆ ಹೊಣೆ ಯಾರದು?

ಮಳೆಗಾಲದಲ್ಲಿ ಬಟ್ಟೆ ಅಂಗಡಿಯ ಬಾಗಿಲಲ್ಲಿ ಯಾರಾದರೂ ಜಾರಿ ಬಿದ್ದರೆ ಅಲ್ಲೇ ಎರಡು ತೀರ್ಪು ಹೊರಬೀಳುತ್ತವೆ. ಬಿದ್ದವರ ಕಡೆಯವರು "ನಿಮ್ಮ ಅಂಗಡೀಲೇ ಬಿದ್ದಿದ್ದು, ಆಸ್ಪತ್ರೆ ಖರ್ಚು ನೀವೇ ಕೊಡಿ" ಎನ್ನುತ್ತಾರೆ. ಗಲ್ಲಾದ ಮುಂದೆ ಕೂತವರು "ನೋಡ್ಕೊಂಡು ನಡೀಬೇಕಿತ್ತು" ಎನ್ನುತ್ತಾರೆ. ಕಾನೂನು ಇವೆರಡನ್ನೂ ಒಪ್ಪುವುದಿಲ್ಲ.

ನಂಬಿಕೆ: ಅಂಗಡಿಯೊಳಗೆ ಬಿದ್ದರೆ ಸಾಕು, ಪರಿಹಾರ ಸಿಕ್ಕೇ ಸಿಗುತ್ತದೆ.

ಬಿದ್ದದ್ದಷ್ಟೇ ಸಾಲದು, ಅಂಗಡಿಯವರ ನಿರ್ಲಕ್ಷ್ಯವೂ ಇರಬೇಕು. ನೆಲ ಜಾರುತ್ತಿದೆ ಎಂದು ಅವರಿಗೆ ಗೊತ್ತಿತ್ತೇ? ಗೊತ್ತಿಲ್ಲದಿದ್ದರೆ, ಗೊತ್ತಾಗಲೇಬೇಕಾದಷ್ಟು ಹೊತ್ತಿನಿಂದ ಹಾಗಿತ್ತೇ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯಾಯಾಲಯ ಎರಡು ಪ್ರಕರಣಗಳಲ್ಲಿ ಇದನ್ನು ಬಾಳೆಹಣ್ಣಿನ ಸಿಪ್ಪೆಯಿಂದಲೇ ಅಳೆಯಿತು. ಎರಡೂ ಪ್ರಕರಣ ರೈಲು ನಿಲ್ದಾಣದವು. 1901ರಲ್ಲಿ ಸಿಪ್ಪೆ ತುಳಿದು ಬಿದ್ದವನು ಸೋತ. ರೈಲಿನಿಂದ ಇಳಿದ ಯಾರೋ ನಿಮಿಷದ ಹಿಂದಷ್ಟೇ ಅದನ್ನು ಎಸೆದಿರಬಹುದು, ರೈಲ್ವೆಯವರು ಏನು ಮಾಡಿಯಾರು ಎಂದಿತು ನ್ಯಾಯಾಲಯ. 1911ರಲ್ಲಿ ಬಿದ್ದ ಮಹಿಳೆ ಗೆದ್ದಳು. ಆ ಸಿಪ್ಪೆ ಒಣಗಿ, ಕಪ್ಪಾಗಿ, ಮಣ್ಣು ಮೆತ್ತಿ, ತುಳಿತಕ್ಕೆ ಚಪ್ಪಟೆಯಾಗಿತ್ತು. ಅಷ್ಟು ಹೊತ್ತು ಬಿದ್ದಿದ್ದರೂ ಗುಡಿಸಿರಲಿಲ್ಲ ಎಂಬುದಕ್ಕೆ ಅದರ ಬಣ್ಣವೇ ಸಾಕ್ಷಿಯಾಯಿತು.

ನಂಬಿಕೆ: ಎಲ್ಲವನ್ನೂ ಬಿದ್ದವರೇ ರುಜುವಾತು ಮಾಡಬೇಕು.

ಮೊದಲ ಹೊರೆ ಅವರದೇ. ಆದರೆ ನೆಲಕ್ಕೆ ಏನು ಚೆಲ್ಲಿತ್ತು, ಯಾವಾಗ ಒರೆಸಿದರು ಎಂಬುದು ಗಿರಾಕಿಗೆ ಹೇಗೆ ತಿಳಿಯಬೇಕು? ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಟೆಸ್ಕೊ ಅಂಗಡಿಯೊಂದರಲ್ಲಿ ಒಬ್ಬಾಕೆ ನೆಲಕ್ಕೆ ಚೆಲ್ಲಿದ್ದ ಯೋಗರ್ಟ್ ಮೇಲೆ ಕಾಲಿಟ್ಟು ಬಿದ್ದಳು. ಅದು ಎಷ್ಟು ಹೊತ್ತಿನಿಂದ ಅಲ್ಲಿತ್ತೋ ಆಕೆಗೆ ಗೊತ್ತಿರಲಿಲ್ಲ. ದಿನಕ್ಕೆ ಐದಾರು ಸಲ ಗುಡಿಸುತ್ತೇವೆ ಎಂದರು ಅಂಗಡಿಯವರು. ಕೆಲವು ವಾರಗಳ ನಂತರ ಅದೇ ಅಂಗಡಿಗೆ ಹೋದಾಗ ಚೆಲ್ಲಿದ ಕಿತ್ತಳೆ ಪಾನೀಯ ಕಾಲು ಗಂಟೆ ಹಾಗೇ ಇದ್ದುದನ್ನು ಆಕೆ ಕಂಡಿದ್ದಳು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಆಕೆಯ ಪರ ನಿಂತಿತು: ಅಂಗಡಿ ಸರಿಯಾಗಿ ನಡೆಯುತ್ತಿದ್ದರೆ ಇಂಥದ್ದು ಸಾಮಾನ್ಯವಾಗಿ ಆಗದು, ಆದ್ದರಿಂದ ವಿವರಣೆ ಕೊಡಬೇಕಾದವರು ಅಂಗಡಿಯವರೇ. ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ. ನನಗಂತೂ ಬಹುಮತದ ಮಾತೇ ನ್ಯಾಯವಾಗಿ ಕಾಣುತ್ತದೆ.

ವಿದೇಶದ ಈ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಘಟನೆಯೇ ನಿರ್ಲಕ್ಷ್ಯವನ್ನು ಸಾರಿ ಹೇಳುವಾಗ ಬೇರೆ ಸಾಕ್ಷಿಗಾಗಿ ಪಟ್ಟು ಹಿಡಿಯಬೇಕಿಲ್ಲ ಎಂಬ ತತ್ವ ಇಲ್ಲಿಗೂ ಹೊಸದಲ್ಲ. ದೆಹಲಿಯ ಚಾಂದನಿ ಚೌಕ್‌ನ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ಇದನ್ನೇ ಅನ್ವಯಿಸಿ ಪಾಲಿಕೆಯನ್ನು ಹೊಣೆ ಮಾಡಿತು.

ನಂಬಿಕೆ: ಬೋರ್ಡ್ ಹಾಕಿದರೆ ಅಂಗಡಿಯವರು ಪಾರು.

'ನೆಲ ಒದ್ದೆಯಿದೆ' ಎಂಬ ಹಳದಿ ಬೋರ್ಡ್ ಅವರ ಪರವಾದ ಸಾಕ್ಷಿ, ನಿಜ. ಆದರೆ ನಮ್ಮ ಮಾಲ್‌ಗಳಲ್ಲಿ ಅದು ನೆಲ ಒಣಗಿದ ಮೇಲೂ ಕುರ್ಚಿ ಮೇಜಿನ ಹಾಗೆ ಖಾಯಂ ನಿಂತಿರುತ್ತದೆ. ಹೀಗೆ ಸದಾ ಇರುವುದನ್ನು ಎಚ್ಚರಿಕೆ ಎನ್ನಲು ಬಾರದು. 'ಯಾವುದೇ ಹಾನಿಗೆ ನಾವು ಜವಾಬ್ದಾರರಲ್ಲ' ಎಂಬ ಬರಹಕ್ಕೆ ಬೆಲೆ ಇನ್ನೂ ಕಡಿಮೆ. ತಾಜ್ ಮಹಲ್ ಹೋಟೆಲಿನಲ್ಲಿ ಪಾರ್ಕಿಂಗ್‌ಗೆ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ, ಚೀಟಿಯಲ್ಲಿ 'ಮಾಲೀಕರದೇ ಹೊಣೆ' ಎಂದು ಅಚ್ಚು ಹಾಕಿ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕಾರಿಗೇ ಈ ಮಾತಾದರೆ ಕಾಲಿನ ಮೂಳೆಗೆ?

ನಂಬಿಕೆ: ನಮ್ಮ ತಪ್ಪೂ ಇದ್ದರೆ ಏನೂ ಸಿಗದು.

ಮೊಬೈಲ್ ನೋಡುತ್ತ ನಡೆದಿದ್ದರೆ ಪರಿಹಾರ ನಿಮ್ಮ ತಪ್ಪಿನ ಪಾಲಿನಷ್ಟು ಕಡಿಮೆಯಾಗಬಹುದು. ಪೂರ್ತಿ ಕೈತಪ್ಪುತ್ತದೆ ಎಂದೇನಿಲ್ಲ.

ನಂಬಿಕೆ: ಬಿಲ್ ಇಲ್ಲದವರಿಗೆ ದಾರಿಯಿಲ್ಲ.

ಅರ್ಧ ಸತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡುವವರು ಸಾಮಾನ್ಯವಾಗಿ ಹಣ ಕೊಟ್ಟು ಕೊಂಡವರಾಗಿರಬೇಕು. ಸುಮ್ಮನೆ ನೋಡಲು ಹೋಗಿದ್ದವರಿಗೆ ಅಲ್ಲಿ ಅಡ್ಡಿ ಬರುತ್ತದೆ. ಅವರಿಗೆ ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದಿದೆ, ಹಾದಿ ಮಾತ್ರ ದೀರ್ಘ. ಬಿಲ್ ಇದ್ದವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಇಷ್ಟೆಲ್ಲ ಹಕ್ಕಿದ್ದರೂ ಬಿದ್ದವರು ಮೊದಲು ಮಾಡುವುದು ನಾಚಿಕೆಯಿಂದ ಸುತ್ತ ನೋಡಿ "ಏನೂ ಆಗಿಲ್ಲ" ಎಂದು ಎದ್ದು ಹೋಗುವುದು. ನೋವು ಮರುದಿನ ಶುರುವಾಗುತ್ತದೆ, ಅಷ್ಟರಲ್ಲಿ ನೆಲ ಒರೆಸಿಯಾಗಿರುತ್ತದೆ. ಆದ್ದರಿಂದ ಎದ್ದ ಕೂಡಲೇ ನೆಲದ ಫೋಟೊ ತೆಗೆಯಿರಿ, ನೋಡಿದವರ ಹೆಸರು, ನಂಬರ್ ಬರೆದುಕೊಳ್ಳಿ, ವೈದ್ಯರಿಗೆ ಎಲ್ಲಿ ಹೇಗೆ ಬಿದ್ದಿರಿ ಎಂದು ಹೇಳಿ ದಾಖಲಿಸಿ. ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಿಡುವಂತೆ ಅಂಗಡಿಗೆ ಅಂದೇ ಬರವಣಿಗೆಯಲ್ಲಿ ಕೇಳಿ, ಅದರ ಪ್ರತಿಗೆ ಸಹಿ ಪಡೆಯಿರಿ.