ತೂಗದ ತೊಟ್ಟಿಲು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣಗಳನ್ನು ದಾಟಿದ ಸ್ವಲ್ಪ ಹೊತ್ತಿಗೇ ದೊಡ್ಡಮಳೂರು ಸಿಗುತ್ತದೆ. ಅಲ್ಲಿಯ ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣನ ಮುದ್ದಾದ ವಿಗ್ರಹವೊಂದಿದೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಹಾಡಿದುದು ಈ ಕೃಷ್ಣನನ್ನು ಕಂಡೇ ಎಂಬುದು ಪ್ರತೀತಿ. ಸಂತಾನವನ್ನು ಬಯಸುವ ದಂಪತಿಗಳು ಇಲ್ಲಿ ಬೆಣ್ಣೆಯನ್ನು ನಿವೇದಿಸಿ ಹರಕೆ ಹೊರುತ್ತಾರೆ. ಪುಟ್ಟ ಮರದ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಬಣ್ಣದ ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣದ ನೆರೆಯಲ್ಲಿಯೇ, ಬೊಂಬೆಯಾಡುವ ಕೂಸಿಗಾಗಿ ಕೈಮುಗಿದು ನಿಂತವರು ಇದ್ದಾರೆ.

ಇವರನ್ನೆಲ್ಲ ಲೋಕವು ‘ಮಕ್ಕಳಿಲ್ಲದವರು’ ಎಂಬ ಒಂದೇ ಮಾತಿನಿಂದ ಕರೆದುಬಿಡುತ್ತದೆ. ಆದರೆ ಬಸಿರೇ ಆಗದವಳ ದುಃಖ ಒಂದಾದರೆ, ಆದ ಬಸಿರು ಮತ್ತೆ ಮತ್ತೆ ಇಳಿದುಹೋಗುವವಳ ದುಃಖ ಇನ್ನೊಂದು. ಎರಡನೆಯವಳು ಆಸೆಯನ್ನು ಎರಡು ಮೂರು ತಿಂಗಳು ಒಡಲಲ್ಲಿ ಬೆಳೆಸಿ ಕಳೆದುಕೊಂಡವಳು. ಮುಖವನ್ನೇ ಕಾಣದ ಆ ಕೂಸಿಗಾಗಿ ಅಳುವುದಕ್ಕೆ ಮನೆಯಲ್ಲಿ ಅವಕಾಶವಿಲ್ಲ. “ಹೋಗಲಿ ಬಿಡು, ಇನ್ನೊಂದಾಗುತ್ತದೆ” ಎಂಬ ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಆ ಇನ್ನೊಂದೂ ಹಾಗೆಯೇ ಆದಾಗ ಸಮಾಧಾನದ ಮಾತು ನಿಂತು, ಪಿಸುಮಾತು ಆರಂಭವಾಗುತ್ತದೆ.

ವಿಚಾರಣೆಯಿಲ್ಲದ ತೀರ್ಪು

ರಾಮನಗರ, ಕನಕಪುರಗಳ ಕಡೆಯ ರೇಷ್ಮೆ ಬೆಳೆಗಾರನು ಹುಳುವಿನ ಬೆಳೆ ಕೆಟ್ಟರೆ ಸುಮ್ಮನೆ ಕೂರುವುದಿಲ್ಲ. ಮೊಟ್ಟೆ ಎಲ್ಲಿಂದ ಬಂದಿತು, ಸೊಪ್ಪಿನಲ್ಲಿ ತೇವ ಹೆಚ್ಚಿತ್ತೆ, ಮನೆಯಲ್ಲಿ ಶೆಖೆಯಾಯಿತೆ ಎಂದು ಒಂದೊಂದನ್ನೂ ವಿಚಾರಿಸುತ್ತಾನೆ. ಸೊಸೆಯ ಗರ್ಭ ಇಳಿದಾಗ ಮಾತ್ರ ವಿಚಾರಣೆಯೇ ಇಲ್ಲದೆ ತೀರ್ಪು! ಮೆಟ್ಟಿಲು ಹತ್ತಿದಳು, ಬಸ್ಸಿನಲ್ಲಿ ಓಡಾಡಿದಳು, ಪರಂಗಿಹಣ್ಣು ತಿಂದಳು, ಗ್ರಹಣದ ದಿನ ಹೊರಗೆ ಬಂದಳು ಎಂದು ಅವಳ ಮೇಲೆ ಹೊರಿಸುವ ಅಪರಾಧಗಳಿಗೆ ಕೊನೆಯಿಲ್ಲ. ಅವಳೂ ಅವುಗಳನ್ನು ನಂಬಿ ಇರುಳೆಲ್ಲ ತನ್ನನ್ನೇ ಹಳಿದುಕೊಳ್ಳುತ್ತಾಳೆ.

ವೈದ್ಯಶಾಸ್ತ್ರದ ಮಾತು ಬೇರೆ. ತಿಳಿದುಬಂದ ಗರ್ಭಗಳಲ್ಲಿ ನೂರಕ್ಕೆ ೧೦ರಿಂದ ೨೦ರಷ್ಟು ತಾವಾಗಿಯೇ ಇಳಿದುಹೋಗುತ್ತವೆ. ಅವುಗಳಲ್ಲಿ ಬಹುಪಾಲು ಮೊದಲ ೧೨ ವಾರಗಳಲ್ಲಿ. ಹೀಗೆ ಮೊದಲಲ್ಲೇ ಹೋಗುವ ಗರ್ಭಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅಂಡ ಮತ್ತು ವೀರ್ಯಾಣುಗಳು ಕೂಡುವ ಗಳಿಗೆಯಲ್ಲಿ ವರ್ಣತಂತುಗಳ ಎಣಿಕೆ ತಪ್ಪುವುದುಂಟು. ಅದಕ್ಕೆ ಯಾರೂ ಹೊಣೆಗಾರರಲ್ಲ. ಮೆಟ್ಟಿಲಿಗೂ ಮನೆಗೆಲಸಕ್ಕೂ ಇದರೊಡನೆ ಸಂಬಂಧವಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭ ಉಳಿಯುತ್ತದೆಂಬುದಕ್ಕೂ ಆಧಾರ ಸಿಕ್ಕಿಲ್ಲ.

ಕಾರಣದ ಶೋಧ

ಒಮ್ಮೆ ಗರ್ಭ ಇಳಿದರೆ ಹೆದರಬೇಕಾದುದಿಲ್ಲ. ಬಹುಮಂದಿಗೆ ಮುಂದಿನ ಬಸಿರು ನೆಟ್ಟಗೆ ನಿಲ್ಲುತ್ತದೆ. ಎರಡು ಮೂರು ಬಾರಿ ಹಾಗಾದರೆ ಪರೀಕ್ಷೆ ಅವಶ್ಯ. ಮೂರು ಸಲ ಒಂದರ ಹಿಂದೊಂದು ಗರ್ಭ ಕಳೆದುಕೊಳ್ಳುವವರು ನೂರು ದಂಪತಿಗಳಲ್ಲಿ ಒಂದು ಜೋಡಿಯಷ್ಟು. ಇಂದು ಅನೇಕ ವೈದ್ಯರು ಎರಡನೆಯ ಸಲದ ಬಳಿಕವೇ ಶೋಧಕ್ಕೆ ತೊಡಗುತ್ತಾರೆ.

ಶೋಧಿಸುವುದೇನನ್ನು? ಥೈರಾಯ್ಡ್ ಗ್ರಂಥಿಯ ಏರುಪೇರು ಇದೆಯೆ, ಸಕ್ಕರೆ ಕಾಯಿಲೆ ಹತೋಟಿ ಮೀರಿದೆಯೆ ಎಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಗರ್ಭಕೋಶದ ನಡುವೆ ತೆರೆಯಂಥ ಗೋಡೆಯೇನಾದರೂ ಎದ್ದಿದೆಯೆ ಎಂಬುದನ್ನು ಸ್ಕ್ಯಾನಿಂಗ್ ತೋರಿಸುತ್ತದೆ. ಕೆಲವರ ರಕ್ತದಲ್ಲಿ, ಮಾಸುವಿನ ಬೆಳವಣಿಗೆಗೆ ಅಡ್ಡಿಮಾಡಿ ರಕ್ತವನ್ನು ಹೆಪ್ಪುಗಟ್ಟಿಸುವ ಪ್ರತಿಕಾಯಗಳಿರುತ್ತವೆ. ೧೨ ವಾರಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದ ಮೇಲೆಯೇ ಇದು ನಿಶ್ಚಯವಾಗುತ್ತದೆ. ನಿಶ್ಚಯವಾದರೆ, ವೈದ್ಯರ ನಿಗಾದಲ್ಲಿ ಸಣ್ಣ ಪ್ರಮಾಣದ ಆಸ್ಪಿರಿನ್ ಹಾಗೂ ಹೆಪಾರಿನ್ ಚುಚ್ಚುಮದ್ದಿನಿಂದ ಗರ್ಭ ಉಳಿಯುವ ಸಂಭವ ಹೆಚ್ಚುತ್ತದೆ. ಗಂಡಹೆಂಡಿರಲ್ಲಿ ಒಬ್ಬರ ವರ್ಣತಂತುವಿನ ತುಣುಕು ಸ್ಥಳ ಬದಲಿಸಿರುವುದೂ ಉಂಟು. ಅಂಥವರು ಹೊರಗೆ ಪೂರ್ಣ ಆರೋಗ್ಯವಂತರು, ಮತ್ತು ಅದು ಗಂಡನೇ ಆಗಿರಬಹುದು. ಆದುದರಿಂದ ಹೆಂಡತಿಯೊಬ್ಬಳನ್ನೇ ಆಸ್ಪತ್ರೆಗೆ ಕಳುಹಿಸಿ, ತಾನು ಹೊರಗೆ ನಿಲ್ಲುವ ಗಂಡನು ಅರ್ಧ ಪರೀಕ್ಷೆಯನ್ನಷ್ಟೇ ಮಾಡಿಸಿದಂತಾಯಿತು.

ಇಷ್ಟೆಲ್ಲ ನೋಡಿದರೂ ಅರ್ಧದಷ್ಟು ಮಂದಿಯಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ನಿರಾಶೆಯಾಗುವುದು ಸಹಜ. ಆದರೆ ಇದರಲ್ಲಿಯೇ ಒಂದು ಸಂತೋಷದ ವಾರ್ತೆಯೂ ಅಡಗಿದೆ. ಕಾರಣ ಕಾಣದ ಇಂಥವರಲ್ಲಿ ಹೆಚ್ಚು ಮಂದಿ, ವಿಶೇಷವಾಗಿ ವಯಸ್ಸು ಕಡಿಮೆಯಿರುವವರು, ಯಾವ ದೊಡ್ಡ ಚಿಕಿತ್ಸೆಯೂ ಇಲ್ಲದೆ ಮುಂದಿನ ಬಸಿರಿನಲ್ಲಿ ಮಗುವನ್ನು ಪಡೆಯುತ್ತಾರೆ. ಅವರಿಗೆ ಬೇಕಾದುದು ಮೊದಲ ವಾರಗಳಲ್ಲಿ ಆಗಾಗ್ಗೆ ತಪಾಸಣೆ, ಮತ್ತು ಧೈರ್ಯ ಹೇಳುವ ಜನ.

ಪ್ರಣಾಳಶಿಶುವಿನ ಬಾಗಿಲು

ಎರಡು ಸಲ ನಿರಾಶರಾದವರ ಕಣ್ಣು ಸಹಜವಾಗಿ ಬೆಂಗಳೂರಿನ ಕೃತಕ ಗರ್ಭಧಾರಣಾ ಕೇಂದ್ರಗಳತ್ತ ತಿರುಗುತ್ತದೆ. ಜಗತ್ತಿನ ಮೊದಲ ಪ್ರಣಾಳಶಿಶು ಇಂಗ್ಲೆಂಡಿನಲ್ಲಿ ೧೯೭೮ರ ಜುಲೈ ೨೫ರಂದು ಹುಟ್ಟಿತು. ಅದೇ ವರ್ಷದ ಅಕ್ಟೋಬರ್ ೩ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರಣಾಳಶಿಶು ಕಣ್ಣುಬಿಟ್ಟಿತು. ಅಂದಿನ ಅಧಿಕಾರಿಗಳು ಅವರನ್ನು ನಂಬಲಿಲ್ಲ. ಮನ್ನಣೆ ಬರುವ ಹೊತ್ತಿಗೆ ಅವರೇ ಇರಲಿಲ್ಲ.

ಈ ವಿದ್ಯೆ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಮುಖ್ಯವಾಗಿ ಬಸಿರಾಗುವುದಕ್ಕೆ ನೆರವಾಗುವ ವಿದ್ಯೆ. ಸುಲಭವಾಗಿ ಬಸಿರಾಗಿ, ಅದನ್ನು ಉಳಿಸಿಕೊಳ್ಳಲಾರದವಳಿಗೆ ಅದೇ ಮದ್ದು ಎನ್ನಲಾಗದು. ವರ್ಣತಂತುವಿನ ಸ್ಥಳಪಲ್ಲಟವಿರುವ ದಂಪತಿಗಳಿಗೆ, ಭ್ರೂಣವನ್ನು ಪರೀಕ್ಷಿಸಿ ಗರ್ಭಕೋಶದಲ್ಲಿ ಇರಿಸುವ ಕ್ರಮ ಪ್ರಯೋಜನಕ್ಕೆ ಬರಬಹುದು; ಎಲ್ಲರಿಗೂ ಅದರಿಂದ ಲಾಭವೆಂಬುದು ಸಿದ್ಧವಾಗಿಲ್ಲ. ಆದುದರಿಂದ ಒಡವೆಯನ್ನು ಅಡವಿಡುವ ಮುನ್ನ ದಂಪತಿಗಳು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: “ನಮ್ಮ ಕಾರಣಕ್ಕೆ ಈ ಚಿಕಿತ್ಸೆ ಉತ್ತರವೆ?”

ಹಾಗೆ ಕೇಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. ೨೦೨೧ರ ಕಾಯಿದೆಯಂತೆ ಇಂಥ ಕೇಂದ್ರಗಳು ನೋಂದಣಿಯಾಗಿರಬೇಕು. ಸಾಧಕಬಾಧಕಗಳನ್ನೂ ಫಲದ ಸಂಭವವನ್ನೂ ದಂಪತಿಗಳಿಗೆ ತಿಳಿಯಹೇಳಬೇಕು. ಹೆಣ್ಣಿಗೆ ೨೧ರಿಂದ ೫೦, ಗಂಡಿಗೆ ೨೧ರಿಂದ ೫೫ ವಯಸ್ಸಿನ ಮಿತಿಯಿದೆ. ಗಂಡುಮಗುವನ್ನೇ ಆರಿಸಿಕೊಡುತ್ತೇವೆಂಬುದು ಅಪರಾಧ.

ಉದ್ಯೋಗದಲ್ಲಿರುವ ಹೆಂಗಸರು ತಿಳಿಯಬೇಕಾದ ಮತ್ತೊಂದು ವಿಷಯವುಂಟು. ಗರ್ಭ ಇಳಿದ ಬಳಿಕ ಆರು ವಾರಗಳ ವೇತನಸಹಿತ ರಜೆಯನ್ನು ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆ ಕೊಟ್ಟಿತ್ತು. ಇಂದಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಕಾನೂನು ಕೂಡ ಇದನ್ನು ಒಂದು ನಷ್ಟವೆಂದು ಒಪ್ಪಿದೆ; ಮನೆಯವರು ಒಪ್ಪಬಾರದೆ?

ಹುಲಿಕಲ್ಲಿನ ದಂಪತಿಗಳು

ಚಿಕಿತ್ಸೆ ಎಲ್ಲರಿಗೂ ಫಲಿಸದು. ಆಗ ಬಾಳು ಅಲ್ಲಿಗೇ ನಿಂತಿತೆ? ಇದಕ್ಕೆ ಉತ್ತರವನ್ನು ಮಾಗಡಿ ತಾಲ್ಲೂಕಿನ ಹುಲಿಕಲ್ಲು ಕೊಟ್ಟಿದೆ. ಕೂಲಿನಾಲಿ ಮಾಡಿ ಬದುಕುತ್ತಿದ್ದ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಅವರ ಕಾಲಕ್ಕೆ ಪರೀಕ್ಷೆಯೂ ಇರಲಿಲ್ಲ, ಪ್ರಣಾಳವೂ ಇರಲಿಲ್ಲ. ಜನರ ಚುಚ್ಚುಮಾತಿಗೆ ಮಾತ್ರ ಬರವಿರಲಿಲ್ಲ. ಇಬ್ಬರೂ ಕೂಡಿ ಹುಲಿಕಲ್ಲಿನಿಂದ ಕುದೂರಿನ ದಾರಿಯ ಉದ್ದಕ್ಕೂ ಆಲದ ಸಸಿಗಳನ್ನು ನೆಟ್ಟರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಮುಳ್ಳಿನ ಬೇಲಿ ಕಟ್ಟಿ, ಮೈಲಿಗಟ್ಟಲೆ ನೀರು ಹೊತ್ತು ಸಾಕಿದ ಆ ಮರಗಳು ಇಂದು ೩೮೫ ಎಂಬುದು ಪ್ರಚಲಿತ ಲೆಕ್ಕ. ಚಿಕ್ಕಯ್ಯ ೧೯೯೧ರಲ್ಲಿ ತೀರಿಕೊಂಡರು. ತಿಮ್ಮಕ್ಕ ೨೦೧೯ರಲ್ಲಿ ಪದ್ಮಶ್ರೀ ಪಡೆದು, ೨೦೨೫ರ ನವೆಂಬರ್ ೧೪ರಂದು ಕಣ್ಮುಚ್ಚಿದರು. ನಾಡು ಅವರನ್ನು ಸಾಲುಮರದ ತಿಮ್ಮಕ್ಕ ಎಂದು ಕರೆಯಿತು. ಬಂಜೆ ಎಂದವರ ಹೆಸರು ಯಾರಿಗೂ ನೆನಪಿಲ್ಲ.

ಎಲ್ಲರೂ ಮರ ನೆಡಬೇಕೆಂದಾಗಲಿ, ಮರದಿಂದ ಮಗುವಿನ ಕೊರಗು ತೀರುವುದೆಂದಾಗಲಿ ಇದರ ಅರ್ಥವಲ್ಲ. ಮಗುವಿಗಾಗಿ ಇನ್ನೊಮ್ಮೆ ಪ್ರಯತ್ನಿಸುವವರಿರಬಹುದು, ದತ್ತು ಪಡೆಯುವವರಿರಬಹುದು, ಸಾಕೆಂದು ನಿಲ್ಲುವವರೂ ಇರಬಹುದು. ಯಾವ ದಾರಿ ಹಿಡಿದರೂ ನೆನಪಿಡಬೇಕಾದ ಮಾತೊಂದಿದೆ: ಕುದೂರಿನ ಹಾದಿಯಲ್ಲಿ ನೀರು ಹೊತ್ತವರು ಇಬ್ಬರು.