ಹಳೆಯ ಮನೆಗಳ ಮರದಿಂದ ಪೀಠೋಪಕರಣ ತಯಾರಿಕೆ: ಸಾರ್ವಜನಿಕರ ಮಾಹಿತಿಗಾಗಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಹಳೆಯ ಮನೆಗಳನ್ನು ಕೆಡವಿದಾಗ ದೊರೆಯುವ ಕಂಬ, ತೊಲೆ, ಜಂತೆ ಹಾಗೂ ಬಾಗಿಲುಗಳನ್ನು ಸೌದೆಯಾಗಿ ಬಳಸದೆ, ಮೇಜು, ಕುರ್ಚಿ, ಮಂಚಗಳ ತಯಾರಿಕೆಗೆ ಉಪಯೋಗಿಸಬಹುದಾಗಿದೆ. ಹಲವು ದಶಕಗಳ ಕಾಲ ಒಣಗಿದ ಮರವು ಹಸಿ ಮರದಂತೆ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಆದರೆ ಒಳಗೆ ಉಳಿದ ಮೊಳೆಯಿಂದ ಗರಗಸ ಹಾಳಾಗುವುದರಿಂದ, ಕೊಯ್ಯುವ ಮೊದಲು ಮೊಳೆಗಳನ್ನು ತೆಗೆದು, ಗೆದ್ದಲು ಹಿಡಿದ ಮತ್ತು ಸೀಳಿದ ಭಾಗಗಳನ್ನು ಬೇರ್ಪಡಿಸತಕ್ಕದ್ದು.

ಮರದ ಮೂಲದ ಬಗ್ಗೆ ದಾಖಲೆ ಹೊಂದಿರುವುದು ಅತ್ಯವಶ್ಯಕ. ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅಡಿಯ ನಡವಳಿಗಳಲ್ಲಿ ಅರಣ್ಯ ಉತ್ಪನ್ನವು ಯಾರದೆಂಬ ಪ್ರಶ್ನೆ ಉದ್ಭವಿಸಿದಲ್ಲಿ, ಬೇರೆ ರೀತಿ ರುಜುವಾತಾಗುವವರೆಗೆ ಅದನ್ನು ಸರ್ಕಾರದ ಸ್ವತ್ತೆಂದೇ ಭಾವಿಸಲಾಗುತ್ತದೆ. ಅಪರಾಧದ ಸಂಶಯವಿದ್ದಲ್ಲಿ ಮರದೊಂದಿಗೆ ಸಾಗಿಸಿದ ವಾಹನವನ್ನೂ ಜಪ್ತಿ ಮಾಡಬಹುದಾಗಿದ್ದು, ಬಡಗಿಯ ಬಂಡವಾಳ ಹಾಗೂ ದುಡಿಮೆ ಎರಡಕ್ಕೂ ನಷ್ಟವುಂಟಾಗುತ್ತದೆ.

ಆದುದರಿಂದ ಮರವನ್ನು ಕೊಳ್ಳುವವರು ಈ ಕೆಳಕಂಡವುಗಳನ್ನು ಇಟ್ಟುಕೊಳ್ಳುವುದು ಸೂಕ್ತ:

1. ಮರದ ವಿವರ, ಅಳತೆ ಹಾಗೂ ಮನೆ ಮಾಲೀಕರ ಸಹಿಯುಳ್ಳ ಮಾರಾಟ ರಸೀದಿ.
2. ಆ ಮನೆಯ ಕಂದಾಯ ರಸೀದಿಯ ಪ್ರತಿ.
3. ಕೆಡವುವ ಮುನ್ನ ಮತ್ತು ನಂತರ ತೆಗೆದ ಛಾಯಾಚಿತ್ರಗಳು.

ಮರವನ್ನು ಸಾಗಿಸುವ ಮುನ್ನ, ರಹದಾರಿ ಪತ್ರದ ಅಗತ್ಯವಿದೆಯೇ ಎಂಬುದನ್ನು ಸಂಬಂಧಿಸಿದ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.