ಕೊಳಕ್ಕೆ ಬೀಗ ಬಿತ್ತು, ನೀರಿಗಲ್ಲ

ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹತ್ತೂವರೆ ಗಂಟೆ ಅಂದರೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಮನೆಯವರು ಆಫೀಸಿಗೆ, ಮಕ್ಕಳು ಕಾಲೇಜಿಗೆ. ಕುಕ್ಕರ್ ತಣ್ಣಗಾಗಿರುತ್ತೆ, ಸೊಪ್ಪಿನವಳು ಬಂದು ಹೋಗಿರುತ್ತಾಳೆ. 2020ರ ಫೆಬ್ರುವರಿಯಲ್ಲಿ ಆ ಹೊತ್ತಿಗೆ ಸರಿಯಾಗಿ ನಾವು ನಾಲ್ಕು ಜನ ಹೆಂಗಸರು ಒಂದೊಂದು ಚೀಲ ಹಿಡಿದು ಆಟೋ ಹತ್ತುತ್ತಿದ್ದೆವು. ಚೀಲದಲ್ಲಿ ಟವೆಲ್, ರಬ್ಬರ್ ಟೋಪಿ, ಈಜು ಕನ್ನಡಕ, ಮತ್ತೆ ಮನೆಯ ಹಗ್ಗದ ಮೇಲೆ ಒಣಗಿಹಾಕಲೂ ನಾಚಿಕೆಯಾಗುವಂಥ ಒಂದು ಈಜುಡುಪು. ಎದುರು ಮನೆಯವರು ಕೇಳಿದರೆ, "ಗಾಂಧಿ ಬಜಾರಿಗೆ ಹೊರಟೆವು ಕಣ್ರೀ" ಅನ್ನೋದು!

ನಾಲ್ವರಲ್ಲಿ ಯಾರ ವಯಸ್ಸೂ ನಲವತ್ತಕ್ಕೆ ಕಡಿಮೆಯಿಲ್ಲ. ನನಗೆ ಮೊಣಕಾಲು ನೋವು. ಡಾಕ್ಟರು "ನೀರಿಗಿಳಿಯಿರಿ" ಅಂದಾಗ "ಅಯ್ಯೋ, ಈ ವಯಸ್ಸಿನಲ್ಲಾ?" ಅಂತ ನಕ್ಕಿದ್ದೆ. ಅವರು ವಿವರಿಸಿದ ಲೆಕ್ಕ ಹೀಗಿತ್ತು. ಸೊಂಟದಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈಭಾರದ ಸುಮಾರು ಅರ್ಧ ಮಾತ್ರ, ಎದೆಮಟ್ಟದಲ್ಲಿ ಮೂರನೇ ಒಂದರಷ್ಟು. ಅಂದರೆ ಅಷ್ಟು ಭಾರ ಇಳಿಸಿಕೊಂಡೇ ವ್ಯಾಯಾಮ ಮಾಡಿದ ಹಾಗೆ. ಡಯಟ್ ಮಾಡದೆ ತೂಕ ಇಳಿಯುತ್ತೆ ಅಂದರೆ ಯಾರಿಗೆ ಬೇಡ ಹೇಳಿ?

ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲ್ಲೆಟ್, ಶಿಖಾ ಟಂಡನ್ ಅಭ್ಯಾಸ ಮಾಡಿದ ಬಸವನಗುಡಿ ಅಕ್ವಾಟಿಕ್ ಸೆಂಟರ್ ನಮ್ಮ ಬಡಾವಣೆಯಿಂದ ದೂರವೇನಲ್ಲ. ಆದರೂ ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಬಿಟ್ಟು, ಅವರ ಟವೆಲ್ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತವರೇ ಹೊರತು, ನಾವು ಇಳಿದವರಲ್ಲ. ನಿಶಾ ಐದನೇ ವಯಸ್ಸಿನಲ್ಲಿ ಮುಳುಗುವುದರಿಂದ ಪಾರಾದ ಹುಡುಗಿ. ಆ ಹೆದರಿಕೆ ಬಿಡಿಸಲೆಂದೇ ತಂದೆ ಈಜು ಕಲಿಸಿದರು, ಅವಳು 2000ದ ಸಿಡ್ನಿ ಒಲಿಂಪಿಕ್ಸ್‌ವರೆಗೆ ಹೋದಳು. ನಮಗೆ ಅಂಥ ಆಸೆಯೇನೂ ಇರಲಿಲ್ಲ ಬಿಡಿ, ಮುಳುಗದೆ ಇದ್ದರೆ ಸಾಕಿತ್ತು.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಬೆನ್ನಿನ ಕೆಳಗೆ ಕೈ ಕೊಟ್ಟಿದ್ದ ಟೀಚರ್ ಹೇಳದೇ ಕೈ ತೆಗೆದರು. ನಾನು ಆಕಾಶ ನೋಡುತ್ತಾ ತೇಲುತ್ತಲೇ ಇದ್ದೆ. ಮಾರ್ಚ್ ಮಧ್ಯದ ಹೊತ್ತಿಗೆ ಕೊಳದ ಗೇಟಿಗೆ ಬೀಗ ಬಿತ್ತು. 25ಕ್ಕೆ ದೇಶಕ್ಕೇ ಬೀಗ.

ಆಮೇಲಿನ ಕಥೆ ನಿಮಗೂ ನೆನಪಿರಬಹುದು. ಆಗಸ್ಟ್‌ನಲ್ಲಿ ಜಿಮ್‌ಗಳು ತೆರೆದವು, ಕೊಳಗಳು ತೆರೆಯಲಿಲ್ಲ. ಅಕ್ಟೋಬರ್ 15ರಿಂದ ಕೊಳ ತೆರೆಯಬಹುದು ಎಂದರು, ಅದೂ ತರಬೇತಿ ಪಡೆಯುವ ಕ್ರೀಡಾಪಟುಗಳಿಗೆ ಮಾತ್ರ. ಪಾಪ, ಅವರ ಕಷ್ಟವೂ ಕಡಿಮೆಯದಲ್ಲ. ನಮ್ಮ ಬೆಂಗಳೂರಿನ ಹುಡುಗ ಶ್ರೀಹರಿ ನಟರಾಜ್ ಆ ಆಗಸ್ಟ್‌ನಲ್ಲಿ ಅಭ್ಯಾಸಕ್ಕೆಂದು ದುಬೈಗೆ ಹೋಗಬೇಕಾಯಿತು. ಮುಂದಿನ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೊಗೆ ಅರ್ಹತೆ ಪಡೆದ. ಲೇಡೀಸ್ ಬ್ಯಾಚಿನವರನ್ನು ದುಬೈಗೆ ಯಾರು ಕಳಿಸುತ್ತಾರೆ? ನಮಗೆ 2021ರ ಫೆಬ್ರುವರಿಯಲ್ಲಿ ಅನುಮತಿ ಸಿಕ್ಕಿತು, ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಬಂದ್ ಆಯಿತು. ಜುಲೈನಲ್ಲಿ ಮತ್ತೆ ಸ್ಪರ್ಧಿಗಳಿಗೆ ಮಾತ್ರ. ಯಾವ ಮಿತಿಯೂ ಇಲ್ಲದೆ ಕೊಳಗಳು ನಡೆದದ್ದು 2022ರ ಫೆಬ್ರುವರಿಯಲ್ಲಿ.

ನಾನು ಹೇಳಹೊರಟಿದ್ದು ನಮ್ಮ ಮೊಣಕಾಲಿನ ವಿಷಯ ಅಲ್ಲ. ಆ ಎರಡು ವರ್ಷ ಕಾವಲುಗಾರ, ಕೋಚ್, ಏಣಿ, ಆಳದ ಗುರುತು ಎಲ್ಲಾ ಇರುವ ನೀರಿಗೆ ಬೀಗ ಬಿದ್ದಿತ್ತು. ಇದ್ಯಾವುದೂ ಇಲ್ಲದ ಕೆರೆ, ಕ್ವಾರಿ, ಹೊಳೆ, ಬಾವಿ ತೆರೆದೇ ಇದ್ದವು. ಶಾಲೆಯಿಲ್ಲ, ಟ್ಯೂಷನ್ ಇಲ್ಲ, ಮೈದಾನವಿಲ್ಲ. ಹುಡುಗರು ಎಲ್ಲಿಗೆ ಹೋಗುತ್ತಾರೆ?

ನಮ್ಮ ಮನೆಯ ಹುಡುಗ

ನನ್ನ ಓರಗಿತ್ತಿಯ ಮಗ ಆಗ ಹದಿನಾರರವನು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿ ಹೋಗಿ ಜೂನ್ 25ಕ್ಕೆ ಶುರುವಾಯಿತಲ್ಲ, ಆ ಬ್ಯಾಚು. ಕೊಳದಲ್ಲಿ ಮೀನಿನ ಥರ. ಶಾಲೆಯ ಸ್ಪರ್ಧೆಗಳಲ್ಲಿ ಪದಕ ಗೆದ್ದವನು. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಸ್ನೇಹಿತರ ಜೊತೆ ಸ್ಕೂಟರಿನಲ್ಲಿ ಊರಾಚೆಯ ಒಂದು ಹಳೆಯ ಕಲ್ಲು ಕ್ವಾರಿಗೆ ಹೋದ. "ನನಗೆ ಈಜು ಬರುತ್ತಲ್ಲ" ಅಂತ ಮೊದಲು ಹಾರಿದವನೂ ಅವನೇ.

ಸುಮಾರು ಮಧ್ಯದವರೆಗೆ ಸಲೀಸಾಗಿ ಹೋದನಂತೆ. ಮೇಲೆ ಬೆಚ್ಚಗಿದ್ದ ನೀರು ಕಾಲಿನ ಹತ್ತಿರ ಕೊರೆಯುತ್ತಿತ್ತು. ಕೆಳಗೆ ನೋಡಿದರೆ ನೀಲಿ ಟೈಲ್ಸ್ ಇಲ್ಲ, ಗೆರೆಯಿಲ್ಲ, ಬರೀ ಕಪ್ಪು. ಎದೆ ಬಿಗಿಯಿತು, ಉಸಿರು ತಪ್ಪಿತು. ದಡಕ್ಕೆ ಬಂದರೆ ಹಿಡಿಯಲು ಅಂಚಿಲ್ಲ, ಗೋಡೆ ಕತ್ತರಿಸಿಟ್ಟ ಹಾಗೆ ನೇರ, ಮೇಲೆಲ್ಲ ಪಾಚಿ. ಸ್ನೇಹಿತರು ನಗುತ್ತಿದ್ದರಂತೆ, ಆಟ ಆಡುತ್ತಿದ್ದಾನೆ ಅಂದುಕೊಂಡು. ಹಸು ಮೇಯಿಸುತ್ತಿದ್ದ ಒಬ್ಬ ಅಜ್ಜನಿಗೆ ಅರ್ಥವಾಯಿತು. ಹಸುವಿನ ಹಗ್ಗ ಬಿಚ್ಚಿ ಎಸೆದ, ತಾನು ಹೊಟ್ಟೆ ಅಡಿಯಾಗಿ ಬಂಡೆ ಮೇಲೆ ಮಲಗಿ ಎಳೆದ.

ಆ ಸಂಜೆ ಹುಡುಗ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತ. ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು. "ಅಮ್ಮನಿಗೆ ಹೇಳಬೇಡಿ ದೊಡ್ಡಮ್ಮ" ಅಂದ. ಹೇಳಲಿಲ್ಲ. ಈಗ ಬೆಳೆದು ದೊಡ್ಡವನಾಗಿದ್ದಾನೆ, "ಬರೀರಿ ಪರವಾಗಿಲ್ಲ" ಅಂತ ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ಅವನ ಸ್ನೇಹಿತರು ನಕ್ಕಿದ್ದರಲ್ಲ, ಅದರಲ್ಲಿ ಅವರ ತಪ್ಪೇನಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸಿದಂತೆ "ಕಾಪಾಡಿ" ಎಂದು ಕೂಗುವುದು ಅಪರೂಪ. ಉಸಿರಿಗೇ ಗಾಳಿ ಸಾಲದಿರುವಾಗ ಕೂಗುವುದೆಲ್ಲಿಂದ? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೂರದಿಂದ ನೋಡುವವರಿಗೆ ಆಟದ ಹಾಗೇ ಕಾಣುತ್ತೆ. ಎಲ್ಲಾ ಒಂದು ನಿಮಿಷದೊಳಗೆ ಮುಗಿದುಬಿಡಬಹುದು. ಮಗು ನೀರಿನಲ್ಲಿ ಇದ್ದಕ್ಕಿದ್ದಂತೆ ಸದ್ದಿಲ್ಲದಾದರೆ, ಅದೇ ಗಾಬರಿಯಾಗಬೇಕಾದ ಹೊತ್ತು.

ಸೀರೆ ಎಸೆದವರು

ಅದೇ 2020ರ ಆಗಸ್ಟ್‌ನಲ್ಲಿ ಪಕ್ಕದ ತಮಿಳುನಾಡಿನಲ್ಲಿ ನಡೆದದ್ದು ಕೇಳಿ. ಪೆರಂಬಲೂರು ಜಿಲ್ಲೆಯ ಕೊಟ್ಟರೈ ಜಲಾಶಯದ ಬಳಿ ಕ್ರಿಕೆಟ್ ಆಡಲು ಬಂದ ಹುಡುಗರು ಸ್ನಾನಕ್ಕೆ ಇಳಿದರು. ಮಳೆಯಿಂದ ನೀರು ಏರಿತ್ತು, ನಾಲ್ವರು ಮುಳುಗತೊಡಗಿದರು. ಬಟ್ಟೆ ಒಗೆಯಲು ಬಂದಿದ್ದ ಸೆಂತಮಿಳ್ ಸೆಲ್ವಿ, ಮುತ್ತಮ್ಮಾಳ್, ಆನಂದವಲ್ಲಿ ಎಂಬ ಮೂವರು ಹೆಂಗಸರು ಒಂದು ಗಳಿಗೆಯೂ ಯೋಚಿಸದೆ ತಾವು ಉಟ್ಟ ಸೀರೆ ಬಿಚ್ಚಿ ನೀರಿಗೆಸೆದರು. ಇಬ್ಬರು ಬದುಕಿದರು. ಇನ್ನಿಬ್ಬರನ್ನು ಉಳಿಸಲಾಗಲಿಲ್ಲ. ಆ ಸ್ವಾತಂತ್ರ್ಯ ದಿನದಂದು ಅಲ್ಲಿನ ಸರ್ಕಾರ ಮೂವರಿಗೂ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು.

ಅಪರಿಚಿತ ಗಂಡುಹುಡುಗರ ಮುಂದೆ ಸೀರೆ ಬಿಚ್ಚುವುದು ಅಂದರೆ ಏನು ಅಂತ ನಮಗೆ ಹೇಳಬೇಕಾಗಿಲ್ಲ. ಈಜುಡುಪು ಒಣಗಿಹಾಕಲು ನಾಚಿದ ನನಗಂತೂ ಈ ಸುದ್ದಿ ಓದಿ ತಲೆತಗ್ಗಿಸುವಂತಾಯಿತು. ಇನ್ನೊಂದು ವಿಷಯ. ಇಂಥ ಕಡೆ ದಡದ ಮೇಲೆ ನಿಂತಿರುವವರು ಬಹಳ ಸಲ ಹೆಂಗಸರೇ. ಪಿಕ್ನಿಕ್‌ನಲ್ಲಿ ಗಂಡಸರು, ಮಕ್ಕಳು ನೀರಿಗಿಳಿಯುತ್ತಾರೆ, ನಾವು ಚಿತ್ರಾನ್ನದ ಡಬ್ಬಿ ಕಾಯುತ್ತಾ ಕೂತಿರುತ್ತೇವೆ. ಹಾಗಾಗಿ ಏನು ಮಾಡಬೇಕು ಅಂತ ನಮಗೆ ಗೊತ್ತಿರಲೇಬೇಕು.

ಮೊದಲನೆಯದಾಗಿ, ನೀವು ಹಾರಬೇಡಿ. ಈಜು ಬಂದರೂ ಸರಿ. ಮುಳುಗುವವರು ಸಿಕ್ಕಿದ್ದನ್ನು ಅವುಚಿ ಹಿಡಿದು ಒಳಗೆಳೆಯುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಅಣ್ಣತಮ್ಮಂದಿರು, ತಾಯಿ ಮಗು ಒಟ್ಟಿಗೇ ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವಲ್ಲ. ಸೀರೆ, ದುಪಟ್ಟ, ಹಗ್ಗ, ಕೋಲು, ಏನು ಸಿಕ್ಕಿದರೆ ಅದನ್ನು ಎಸೆಯಿರಿ ಅಥವಾ ಚಾಚಿ. ಎಳೆಯುವಾಗ ನಿಂತು ಎಳೆಯದೆ ಮಲಗಿ ಎಳೆಯಿರಿ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನಲ್ಲಿ ಸ್ವಲ್ಪ ನೀರು ಬಿಟ್ಟು ಮುಚ್ಚಳ ಬಿಗಿದರೆ ಅದು ದೂರಕ್ಕೂ ಹೋಗುತ್ತೆ, ತೇಲುತ್ತಲೂ ಇರುತ್ತೆ. ಜೊತೆಯಲ್ಲಿರುವವರಿಗೆ 108ಕ್ಕೆ ಫೋನ್ ಮಾಡಲು ಹೇಳಿ.

ಹೊರಗೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡವೇ ಬೇಡ. ಅದರಿಂದ ಸಮಯ ಹಾಳು, ವಾಂತಿ ಶ್ವಾಸಕ್ಕೆ ಹೋಗುವ ಅಪಾಯ ಬೇರೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಹಿಡಿದು ಬಾಯಿಂದ ಬಾಯಿಗೆ ಮೊದಲು ಐದು ಸಲ ಉಸಿರು ಕೊಡಬೇಕು. ಆಮೇಲೆ ಎದೆಯ ಮಧ್ಯದಲ್ಲಿ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಉಸಿರು. ಮತ್ತೆ 30, ಮತ್ತೆ ಎರಡು. ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಓದಿದರೆ ಸಾಲದು, ಎಲ್ಲಾದರೂ ಪ್ರಥಮ ಚಿಕಿತ್ಸೆಯ ತರಗತಿ ಇದ್ದರೆ ಒಮ್ಮೆ ಕೈಯಾರೆ ಮಾಡಿ ನೋಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ತೋರಿಸಲೇಬೇಕು.

ಯಾವ ನೀರು ಎಂಥದ್ದು

ಕೊಳದ ಈಜಿಗೂ ಹೊಳೆಯ ಈಜಿಗೂ ಅಡುಗೆಮನೆಯ ಒಲೆಗೂ ಕಾಡ್ಗಿಚ್ಚಿಗೂ ಇರುವಷ್ಟು ವ್ಯತ್ಯಾಸ. ಮುತ್ತತ್ತಿಯಲ್ಲಿ ಕಾವೇರಿ ಮೇಲೆ ಎಷ್ಟು ಶಾಂತವಾಗಿ ಕಾಣುತ್ತಾಳೆ! ಕೆಳಗೆ ಸುಳಿ, ಬಂಡೆಯ ಸಂದು. ಮೇಕೆದಾಟಿನ ಬಂಡೆಗಳೋ, ಎಣ್ಣೆ ಸವರಿದ ಹಾಗೆ. ಮರಳು ತೆಗೆದ ಹೊಳೆಯಲ್ಲಿ ಮೊಣಕಾಲುದ್ದದ ಪಕ್ಕದಲ್ಲೇ ಎರಡಾಳು ಗುಂಡಿ ಇರಬಹುದು. ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತೆ.

ಕೊರೋನಾ ಕಾಲದಲ್ಲಿ ಮಕ್ಕಳನ್ನು ಊರಿಗೆ ಕಳಿಸಿದೆವಲ್ಲ, "ಅಲ್ಲಾದರೂ ಗಾಳಿ ಬೆಳಕು ಇರುತ್ತೆ" ಅಂತ? ಅಲ್ಲಿ ಒಂದು ಹೊಸ ನೀರು ಕಾದಿತ್ತು, ಕೃಷಿ ಹೊಂಡ. 2014ರ ಕೃಷಿ ಭಾಗ್ಯ ಯೋಜನೆಯಿಂದ ಹೊಲಹೊಲದಲ್ಲೂ ಬಂದದ್ದು. ರೈತರಿಗೆ ವರ, ಒಪ್ಪೋಣ. ಆದರೆ ನೀರು ಇಂಗದಂತೆ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ಒದ್ದೆಯಾದರೆ ಅದರ ಮೇಲೆ ಕಾಲೂ ನಿಲ್ಲದು, ಕೈಯೂ ನಿಲ್ಲದು. ದೊಡ್ಡವರೇ ಹತ್ತಿ ಬರಲಾರರು. ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಹೊಲದ ಹೊಂಡಕ್ಕೆ ಬೇಲಿ ಇದೆಯೇ, ಹಿಡಿದು ಹತ್ತಲು ಹಗ್ಗವೋ ಟೈರೋ ಇಳಿಬಿಟ್ಟಿದ್ದಾರೆಯೇ ಅಂತ ನೋಡಿ. ಇಲ್ಲದಿದ್ದರೆ ಮಾವನವರ ಹತ್ತಿರ ನೀವೇ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಊರಿನ ಮಾತು ಯಾಕೆ, ನಮ್ಮ ಮನೆಗಳ ಸಂಪು? ಲಾಕ್‌ಡೌನ್‌ನಲ್ಲಿ ಟ್ಯಾಂಕರ್ ಬಂದಾಗ ಮುಚ್ಚಳ ತೆಗೆದು, ಫೋನ್ ಬಂತೂಂತ ಒಳಗೆ ಹೋದವಳು ನಾನೇ. ಐದು ನಿಮಿಷ! ಆ ದಿನ ಕೆಳಗಿನ ಮನೆಯ ಮಗು ಮಲಗಿತ್ತು, ಅಷ್ಟೇ. ಈಗ ಮುಚ್ಚಳಕ್ಕೆ ಬೀಗ ಇದೆ.

ಮತ್ತೆ ಕೊಳಕ್ಕೆ

ಕೊಳದ ನೀರಿನಿಂದ ಕೊರೋನಾ ಬರುತ್ತೆ ಅಂತ ಆಗ ನಾವೆಲ್ಲ ಹೆದರಿದ್ದೆವು. 2021ರ ಏಪ್ರಿಲ್‌ನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪರೀಕ್ಷಿಸಿ ಹೇಳಿದ್ದು ಬೇರೆಯೇ. ಲೀಟರಿಗೆ 1.5 ಮಿಲಿಗ್ರಾಂ ಕ್ಲೋರಿನ್ ಇದ್ದು, ನೀರಿನ ಪಿಎಚ್ 7ರಿಂದ 7.2ರೊಳಗಿದ್ದರೆ 30 ಸೆಕೆಂಡಿನಲ್ಲಿ ವೈರಸ್ಸಿನ ಸೋಂಕುವ ಶಕ್ತಿ ಸಾವಿರ ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಭಯವಿದ್ದದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ, ಅಂಚಿನಲ್ಲಿ ಕೂತು ಹೊಡೆಯುವ ಹರಟೆಯಲ್ಲಿ. ಹರಟೆಯಿಲ್ಲದ ಲೇಡೀಸ್ ಬ್ಯಾಚ್ ಎಲ್ಲಾದರೂ ಉಂಟೇ?

ಇನ್ನು ಮೂಗಿಗೆ ರಪ್ಪನೆ ಹೊಡೆಯುವ ವಾಸನೆ ಇದ್ದರೆ "ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ" ಅಂದುಕೊಳ್ಳಬೇಡಿ. ಕ್ಲೋರಿನ್ನು ಬೆವರು, ಮೂತ್ರದ ಜೊತೆ ಸೇರಿದಾಗ ಬರುವ ವಾಸನೆ ಅದು. ಇಳಿಯುವ ಮೊದಲು ಎಲ್ಲರೂ ಸ್ನಾನ ಮಾಡಲಿ ಅನ್ನುವುದು ಅದಕ್ಕೇ. ಹಾಗೇ ಕೂದಲನ್ನು ಒಳ್ಳೆಯ ನೀರಿನಲ್ಲಿ ನೆನೆಸಿಕೊಂಡು ಟೋಪಿ ಹಾಕಿದರೆ ಕ್ಲೋರಿನ್ ಹೀರುವುದು ಕಡಿಮೆ. ಕಾಟನ್ ಚೂಡಿದಾರ್ ಬೇಡ, ನೆನೆದರೆ ಭಾರವಾಗಿ ಕಾಲಿಗೆ ತೊಡರುತ್ತೆ. ಕೈಕಾಲು ಮುಚ್ಚುವ ಈಜುಡುಪುಗಳು ಅಂಗಡಿಯಲ್ಲಿ ಸಿಗುತ್ತವೆ. ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್ ಇದ್ದವರು ಡಾಕ್ಟರನ್ನು ಕೇಳಿ, ಕೋಚ್‌ಗೂ ಮೊದಲೇ ತಿಳಿಸಿ ಇಳಿಯುವುದು ಒಳ್ಳೆಯದು. ಸೇರುವ ಮೊದಲು ಒಮ್ಮೆ ನಿಮ್ಮ ಬ್ಯಾಚಿನ ಹೊತ್ತಿಗೇ ಹೋಗಿ ನೋಡಿ. ಕಾವಲಿನವರು ನೀರು ನೋಡುತ್ತಿದ್ದಾರೋ, ಮೊಬೈಲ್ ನೋಡುತ್ತಿದ್ದಾರೋ?

ಕಲಿಯಲು ಹೋದರೆ ಮೊದಲು ತೇಲುವುದನ್ನೇ ಕಲಿಸಿ ಅಂತ ಕೇಳಿ. ಸ್ಟ್ರೋಕ್‌ಗಳೆಲ್ಲ ಆಮೇಲೆ. 2022ರಲ್ಲಿ ನಾವು ವಾಪಸು ಹೋದಾಗ ನಾಲ್ವರಲ್ಲಿ ಮೂವರೇ ಉಳಿದಿದ್ದೆವು. ಒಬ್ಬರನ್ನು ಎರಡನೇ ಅಲೆ ಕರೆದುಕೊಂಡು ಹೋಗಿತ್ತು. ಮೊದಲ ದಿನ ಯಾರೂ ಹರಟಲಿಲ್ಲ. ನಾನು ಬೆನ್ನ ಮೇಲೆ ಮಲಗಿ ಕಿವಿ ನೀರಿಗೆ ಕೊಟ್ಟೆ. ಎರಡು ವರ್ಷದ ಮೇಲೂ ಮೈ ಮರೆತಿರಲಿಲ್ಲ.

ಓರಗಿತ್ತಿಯ ಕಾರಿನ ಡಿಕ್ಕಿಯಲ್ಲಿ ಐವತ್ತಡಿ ನೈಲಾನ್ ಹಗ್ಗ, ಅದರ ತುದಿಗೆ ಕಟ್ಟಿದ ಒಂದು ಎಣ್ಣೆ ಕ್ಯಾನು ವರ್ಷಗಳಿಂದ ಇದೆ. "ಈ ಗುಜರಿ ಯಾಕೋ?" ಅಂತ ಅವಳು ಎಷ್ಟು ಸಲ ಎತ್ತಿ ಹೊರಗಿಟ್ಟರೂ ಮಗ ಮತ್ತೆ ಒಳಗಿಡುತ್ತಾನೆ. ಯಾಕೆ ಅಂತ ಅವಳಿಗೆ ಇವತ್ತು, ಈ ಪುಟ ಓದಿದ ಮೇಲೆ ಗೊತ್ತಾಗುತ್ತೆ.